ನವೆಂಬರ್ ಎರಡರ ಪುಟ

ಸತ್ತವರ ಹಬ್ಬದ ಮಧ್ಯಾಹ್ನ ನೆರೆಯ ಒಟೀಲಿ ಚಿಕ್ಕಮ್ಮ ಸಮಾಧಿತೋಟಕ್ಕೆ ಬರುವಾಗ ಅವಳ ಚೀಲದಲ್ಲಿ ಮೂರು ದೀಪಗಳಿರುತ್ತಿದ್ದವು. ಕೆಂಪು ಗಾಜಿನ ಪುಟ್ಟ ದೀಪಗಳು. ಒಂದು ಅವಳ ಅಪ್ಪನಿಗೆ, ಒಂದು ಅವಳ ಅಮ್ಮನಿಗೆ. ಮೂರನೆಯದನ್ನು ಅವಳು ಹೊರಗೆ ತೆಗೆಯುತ್ತಲೇ ಇರಲಿಲ್ಲ. ತಂದಂತೆಯೇ ಮನೆಗೆ ಒಯ್ಯುತ್ತಿದ್ದಳು. ಅದು ಅವಳ ಗಂಡ ವೆಂಡೆಲ್‌ಗೆ ಎಂದು ಊರಿಗೆಲ್ಲ ಗೊತ್ತಿತ್ತು. ನಮ್ಮಲ್ಲಿ ದೀಪ ಸತ್ತವರಿಗೆ ಮಾತ್ರ. ವೆಂಡೆಲ್ ಸತ್ತನೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಬದುಕಿದ್ದಾನೆಂದೂ ಹೇಳಿರಲಿಲ್ಲ. ಆಫ್ರಿಕದ ಮರಳುಗಾಡಿನಲ್ಲಿ ಕಾಣೆಯಾಗಿದ್ದಾನೆ ಎಂದು ಸೈನ್ಯದಿಂದ ಒಂದು ಕಾಗದ ಬಂದಿತ್ತು, ಅಷ್ಟೆ.

ಹೇಳಬಲ್ಲವನು ಒಬ್ಬನೇ ಇದ್ದ. ಅವನು ನನ್ನ ಸೋದರಮಾವ ಆಲ್ವಿನ್ ಕೆಪ್ಲಿಂಗರ್.

ಮಾವ ಇಂಗ್ಲಿಷರ ವಿರುದ್ಧ ಯುದ್ಧಕ್ಕೆ ಹೋಗುವ ಮೊದಲು ಡ್ಯಾನ್ಯೂಬ್ ದಂಡೆಯ ನಮ್ಮೂರ ಕೋರ್ಟಿನಲ್ಲಿ ಶೀಘ್ರಲಿಪಿ ಬರೆಯುವ ಗುಮಾಸ್ತನಾಗಿದ್ದ. ಸಾಕ್ಷಿಗಳು ಆಡಿದ್ದನ್ನು ಕೊಕ್ಕೆ, ಗೆರೆ, ಚುಕ್ಕೆಗಳಲ್ಲಿ ಹಿಡಿದಿಟ್ಟು ಆಮೇಲೆ ಟೈಪು ಮಾಡುವುದು ಅವನ ಕೆಲಸ. ಒಮ್ಮೆ ಪೇರ್ ಹಣ್ಣಿನ ಮರದ ಜಗಳವೊಂದರಲ್ಲಿ ರೈತನೊಬ್ಬ ಒಂದೇ ಉಸಿರಿನಲ್ಲಿ ಐದು ಸಲ ‘ಬಹುಶಃ’ ಅಂದನಂತೆ. ನ್ಯಾಯಾಧೀಶರು ಪ್ರತಿಯನ್ನು ಓದಿ, “ಒಂದು ಬಹುಶಃ ಸಾಕಲ್ವೇನ್ರೀ?” ಅಂದರಂತೆ. ಮಾವ, “ಅವನು ಐದು ಹೇಳಿದ್ದಾನೆ ಸ್ವಾಮಿ,” ಅಂದನಂತೆ. ಅಂಥ ಮನುಷ್ಯ. ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಬರೆಯುವುದು ಅವನ ಕೈಗೆ ಬರುತ್ತಲೇ ಇರಲಿಲ್ಲ.

ಸೈನ್ಯದವರೂ ಅವನ ಕೈಗೆ ಪೆನ್ಸಿಲನ್ನೇ ಕೊಟ್ಟರು. ಅವನು ತುಕಡಿಯ ಬರಹಗಾರನಾದ. ಒಂದು ಲಾರಿ, ಅದರೊಳಗೆ ಒಂದು ಮೇಜು, ಒಂದು ಟೈಪ್‌ರೈಟರು. ಆ ಲಾರಿಯನ್ನು ನಡೆಸುತ್ತಿದ್ದವನೇ ವೆಂಡೆಲ್. ಊರಲ್ಲಿ ಬಿಯರ್ ಭಟ್ಟಿಯ ಗಾಡಿ ಹೊಡೆಯುತ್ತಿದ್ದವನು, ನಮ್ಮ ಮನೆಯಿಂದ ಮೂರನೇ ಬಾಗಿಲಿನವನು, ಎಡಚ, ದೊಡ್ಡ ಬಾಯಿಯ ನಗೆಗಾರ. ಇಬ್ಬರನ್ನೂ ಒಂದೇ ತುಕಡಿಗೆ ಹಾಕಿದ್ದಾರೆಂದು ಕೇಳಿದಾಗ ಒಟೀಲಿ ಚಿಕ್ಕಮ್ಮ ನಮ್ಮಮ್ಮನಿಗೆ ಹೇಳಿದ್ದಳು: “ಬಿಡೇ, ನನ್ನ ಗಂಡ ಮಾತಾಡ್ತಾನೆ, ನಿನ್ನ ತಮ್ಮ ಬರ್ಕೊಳ್ತಾನೆ. ಕಾಗದ ತಪ್ಪದೆ ಬರುತ್ತೆ.”

ಮಾವನ ದಿನಚರಿ ಇಂದಿಗೂ ನನ್ನ ಹತ್ತಿರವಿದೆ. ಅಂಗೈಯಗಲದ ಪುಸ್ತಕ, ಎಣ್ಣೆಬಟ್ಟೆಯ ರಟ್ಟು. ಪೂರ್ತಿ ಶೀಘ್ರಲಿಪಿಯಲ್ಲೇ ಬರೆದದ್ದು. ದಿನಚರಿ ಬರೆಯಬಾರದೆಂದು ಅಪ್ಪಣೆ ಇತ್ತಾದರೂ ಬರೆಯದೆ ಇರಲು ಅವನಿಗಾಗುತ್ತಿರಲಿಲ್ಲ. ಲಾರಿಯ ಅಡಿಯಲ್ಲಿ ಬೆನ್ನ ಮೇಲೆ ಮಲಗಿ ಬರೆದ ಪುಟಗಳಲ್ಲಿ ಗೆರೆಗಳು ಮೇಲಕ್ಕೆ ಏರಿಹೋಗಿವೆ.

“ಟೈಪ್‌ರೈಟರಿನ ಹೊಟ್ಟೆಯಲ್ಲಿ ಒಂದು ಹಿಡಿ ಮರಳು. ಒತ್ತಿದರೆ ಹಲ್ಲು ಕಡಿಯುತ್ತದೆ. ವೆಂಡೆಲ್ ಮುಖ ತೊಳೆದ ನೀರನ್ನೇ ಸೋಸಿ ಇಂಜಿನ್ನಿಗೆ ಹುಯ್ದ. ಇವಳಿಗೆ ನನಗಿಂತ ಬಾಯಾರಿಕೆ ಜಾಸ್ತಿ, ಒಟೀಲಿಯ ಹಾಗೇ, ಅಂದ.”

“ಅರಬ ಮುದುಕನೊಬ್ಬನ ಮೇಕೆ ನಾವು ಹೂತಿದ್ದ ನೆಲಬಾಂಬಿನ ಮೇಲೆ ಕಾಲಿಟ್ಟಿತು. ಮುದುಕ ಬೈಯಲಿಲ್ಲ. ನಮ್ಮನ್ನು ನೋಡುತ್ತ ನಿಂತ. ಅವನ ನೆಲಕ್ಕೆ ನಮ್ಮನ್ನು ಕರೆದವರು ಯಾರು?”

“ನೊಣಗಳು. ಬ್ರೆಡ್ಡಿಗಿಂತ ಮೊದಲು ಅವು ಬಾಯಿಗೆ ಹೋಗುತ್ತವೆ. ಬದುಕಿದವರನ್ನೂ ಸತ್ತವರನ್ನೂ ಅವು ಬೇರೆ ಮಾಡಿ ನೋಡುವುದಿಲ್ಲ.”

ಬರಹಗಾರನಿಗೆ ಇನ್ನೊಂದು ಕೆಲಸವಿತ್ತು. ನಮ್ಮ ಸಿಪಾಯಿಗಳ ಕೊರಳಲ್ಲಿ ತಗಡಿನ ಗುರುತುಬಿಲ್ಲೆಯೊಂದು ಇರುತ್ತಿತ್ತು. ಅಂಡಾಕಾರದ್ದು, ನಡುವೆ ಸೀಳು. ಎರಡು ಅರ್ಧದ ಮೇಲೂ ಒಂದೇ ಸಂಖ್ಯೆ. ಮನುಷ್ಯ ಸತ್ತರೆ ಕೆಳಗಿನ ಅರ್ಧವನ್ನು ಮುರಿದುಕೊಳ್ಳಬೇಕು, ಮೇಲಿನ ಅರ್ಧ ಹೆಣದ ಜೊತೆ ಮಣ್ಣಿಗೆ ಹೋಗುತ್ತದೆ. ಮುರಿದು ತಂದ ಅರ್ಧಗಳನ್ನು ನೋಡಿ ಬರಹಗಾರ ಮನೆಯವರಿಗೆ ಕಾಗದ ಬರೆಯುತ್ತಾನೆ. ಮಾವ ಅಂಥ ಕಾಗದಗಳನ್ನು ಎಷ್ಟು ಬರೆದನೋ, ದಿನಚರಿ ಹೇಳುವುದಿಲ್ಲ.

ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಅವನು ಸೆರೆಯಿಂದ ಮರಳಿ ಬಂದ. ಆರು ವರ್ಷ ಈಜಿಪ್ಟಿನ ಡೇರೆಗಳಲ್ಲಿದ್ದ. ಯುದ್ಧ ಮುಗಿದು ಮೂರು ವರ್ಷವಾದರೂ ಬಿಟ್ಟಿರಲಿಲ್ಲ. ನನಗಾಗ ಹದಿನೇಳು, ಪಟ್ಟಣದ ವಾಣಿಜ್ಯ ಶಾಲೆಗೆ ಹೋಗುತ್ತಿದ್ದೆ. ಬಾಗಿಲಲ್ಲಿ ನಿಂತವನ ಮುಖ ಹಳೆಯ ಚರ್ಮದ ಹಾಗಿತ್ತು, ಕಣ್ಣಿನ ಸುತ್ತ ಮಾತ್ರ ಬಿಳುಪು. ಅಮ್ಮ ನೀರು ಕೊಟ್ಟಳು. ಅವನು ಲೋಟವನ್ನು ಮೇಲೆತ್ತಿ, ತುಟಿಗೆ ತಾಕಿಸದೆ, ಧಾರೆಯಾಗಿ ಬಾಯಿಗೆ ಸುರಿದುಕೊಂಡ. ನಾವು ಬೆರಗಾಗಿ ನೋಡಿದೆವು. “ಕಾವಲಿಗಿದ್ದ ಇಂಡಿಯಾದ ಸಿಪಾಯಿ ಕಲಿಸಿದ್ದು,” ಅಂದ ಮಾವ. “ಮೊದಲ ದಿನ ಎಲ್ಲಾ ಮೂಗಿಗೆ ಹೋಯ್ತು. ಅವನು ನಕ್ಕ. ಸೆರೆ ಸಿಕ್ಕ ಮೇಲೆ ನಾನು ಕೇಳಿದ ಮೊದಲ ನಗು ಅದು.”

ಮರುದಿನವೇ ಒಟೀಲಿ ಚಿಕ್ಕಮ್ಮ ಬಂದಳು. ಅವಳು ಹೋಟೆಲಿನ ಹಾಸುಬಟ್ಟೆ, ಇಗರ್ಜಿಯ ಪೀಠದ ಬಟ್ಟೆಗಳನ್ನು ಇಸ್ತ್ರಿ ಮಾಡಿ ಬದುಕುತ್ತಿದ್ದವಳು. ಅವಳ ಕೈ ಯಾವಾಗಲೂ ಬಿಸಿ. ಆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

“ಬರ್ಕೊಂಡಿದ್ದೀಯಂತಲ್ಲ. ಓದು ಆಲ್ವಿನ್.”

ಮಾವ ಓದಿದ. ಲಾರಿ, ಮರಳು, ನೊಣ. ವೆಂಡೆಲನ ಮಾತು ಬಂದಾಗ ಅವಳು ನಕ್ಕಳು, “ಬಾಯಾರಿಕೆಯಂತೆ! ಬರ್ಲಿ, ತೋರಿಸ್ತೀನಿ,” ಅಂದಳು. ಪುಟ ಮಗುಚುತ್ತ ಮಗುಚುತ್ತ ಮಾವ ನಲವತ್ತೆರಡರ ನವೆಂಬರ್ ಎರಡಕ್ಕೆ ಬಂದ. ಅದೂ ಸತ್ತವರ ಹಬ್ಬದ ದಿನವೇ. ಅವನು ಕತ್ತೆತ್ತಿ ಅವಳ ಕೈಗಳನ್ನು ನೋಡಿದ. ಕನ್ನಡಕ ಸರಿಮಾಡಿಕೊಂಡು ಓದಿದ: “ಬೆಳಿಗ್ಗೆಯಿಂದ ಫಿರಂಗಿ. ವೆಂಡೆಲನ ಹೊಟ್ಟೆಗೆ ಚೂರು ಬಡಿಯಿತು. ಕೆಂಪು ಶಿಲುಬೆಯ ಇಂಗ್ಲಿಷ್ ಆಂಬುಲೆನ್ಸ್ ಬಂತು. ಅವನನ್ನು ಎತ್ತಿ ಒಳಗೆ ಮಲಗಿಸಿದರು. ಅವನು ಕೈ ಎತ್ತಿದ.”

“ಯಾವ ಕೈ?” ಅಂದಳು ಒಟೀಲಿ ಚಿಕ್ಕಮ್ಮ.

“ಎಡಗೈ.”

“ಎಡಗೈಯೇ. ಎಡಚ ತಾನೆ ಅವನು.” ಅವಳು ಎದ್ದು ನಿಂತಳು, ಮತ್ತೆ ಕೂತಳು. “ಹಾಗಾದ್ರೆ ಯಾವುದೋ ಆಸ್ಪತ್ರೆಯಲ್ಲಿ ಅವನ ಹೆಸರು ಇರುತ್ತೆ.”

ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಅವಳು ಬಂದಳು. ಪ್ಲಮ್ ಹಣ್ಣಿನ ಕೇಕು ತರುತ್ತಿದ್ದಳು, ಅಮ್ಮ ಹುರಿದ ಬಾರ್ಲಿಯ ಕಾಫಿ ಮಾಡುತ್ತಿದ್ದಳು. ಮಾವ ಓದುತ್ತಿದ್ದ. ಮೊದಲಿಂದ ಶುರುಮಾಡಿದರೂ ಕೊನೆಯಿಂದ ಶುರುಮಾಡಿದರೂ ಅವಳು ಅವನನ್ನು ಆ ಪುಟಕ್ಕೇ ಎಳೆದು ತರುತ್ತಿದ್ದಳು. ವಾರದ ಮಧ್ಯೆ ಇಂಗ್ಲೆಂಡಿನ ಆಸ್ಪತ್ರೆಗಳಿಗೆ, ಸ್ವಿಟ್ಜರ್ಲೆಂಡಿನ ರೆಡ್‌ಕ್ರಾಸಿಗೆ ಕಾಗದ ಬರೆಯುತ್ತಿದ್ದಳು. ಆಂಬುಲೆನ್ಸಿನ ಬಣ್ಣ ಯಾವುದು ಎಂದು ಮಾವನನ್ನು ಕೇಳಿ ಅದನ್ನೂ ಬರೆಯುತ್ತಿದ್ದಳು.

ಮರುವರ್ಷ ಒಂದು ಭಾನುವಾರ ನಾನು ಮಾವನ ಕುರ್ಚಿಯ ಹಿಂದೆ ನಿಂತು ಅವನ ಅಂಗಿಗೆ ಗುಂಡಿ ಹೊಲಿಯುತ್ತಿದ್ದೆ. ಶಾಲೆಯಲ್ಲಿ ನನಗೆ ಶೀಘ್ರಲಿಪಿಯ ಎರಡನೇ ವರ್ಷ. ಕಣ್ಣು ತಾನಾಗಿ ಪುಟದ ಮೇಲೆ ಬಿತ್ತು. ಕಿವಿಗೆ ಆಂಬುಲೆನ್ಸ್ ಬಂತು, ಕಣ್ಣಿಗೆ ಬರಲಿಲ್ಲ. ಆ ಪುಟದಲ್ಲಿ ಇದ್ದದ್ದೇ ಬೇರೆ. ಸೂಜಿ ನನ್ನ ಬೆರಳಿಗೆ ಚುಚ್ಚಿತು.

ಸಂಜೆ ಅವನು ನದಿಯ ದಂಡೆಗೆ ಹೊರಟಾಗ ಜೊತೆಗೆ ಹೋದೆ. ನಮ್ಮೂರಲ್ಲಿ ಡ್ಯಾನ್ಯೂಬ್ ಇನ್ನೂ ಚಿಕ್ಕವಳು, ದಂಡೆಯಿಂದ ದಂಡೆಗೆ ಕೂಗಿದರೆ ಕೇಳಿಸುತ್ತದೆ.

“ಮಾವ, ನವೆಂಬರ್ ಎರಡರಲ್ಲಿ ಆಂಬುಲೆನ್ಸ್ ಇಲ್ಲ.”

ಅವನು ನಡೆಯುತ್ತಲೇ ಇದ್ದ. “ಎಷ್ಟು ವೇಗ ಬರೆಯೋದು ಕಲಿಸಿದ್ದಾರೆ ನಿಂಗೆ?”

“ನಿಮಿಷಕ್ಕೆ ನೂರಿಪ್ಪತ್ತು. ಮಾತು ತಪ್ಪಿಸಬೇಡಿ.”

“ನೂರಿಪ್ಪತ್ತು ಸಾಕಾಗಲ್ಲ ಲಿಂಡೆ. ಸಾಕ್ಷಿ ಅಳೋಕೆ ಶುರುಮಾಡಿದ್ರೆ ನೂರೈವತ್ತು ಬೇಕು.” ಸ್ವಲ್ಪ ದೂರ ಹೋಗಿ ನಿಂತ. “ಓದೋಕೆ ಅಂತಲೇ ಬಾಯಿ ತೆಗೆದೆ. ಅವಳ ಕೈ ನೋಡಿದೆ. ಬಾಯಿ ಬೇರೇನೋ ಓದಿಬಿಡ್ತು.”

“ಈಗ ಹೇಳಿ.”

“ಏನಂತ ಹೇಳಲಿ? ಸತ್ತ ಅನ್ನಲಾ? ನಂಗೆ ಗೊತ್ತಿಲ್ಲ. ಬದುಕಿದ್ದ ಅನ್ನಲಾ? ಅದೂ ಗೊತ್ತಿಲ್ಲ. ಗೊತ್ತಿದ್ದಿದ್ರೆ ಸೆರೆಮನೆಯಿಂದಲೇ ಬರೀತಿದ್ದೆ.” ಅವನು ಕೋಟಿನ ಒಳಜೇಬಿನಿಂದ ಏನನ್ನೋ ತೆಗೆದು ಅಂಗೈ ಮೇಲಿಟ್ಟು ತೋರಿಸಿದ. ಅರ್ಧ ಬಿಲ್ಲೆ. ವೆಂಡೆಲನದು. ಆರು ವರ್ಷ ಅದನ್ನು ಬೂಟಿನ ಅಟ್ಟೆಯೊಳಗೆ ಇಟ್ಟುಕೊಂಡಿದ್ದನಂತೆ. ಒಪ್ಪಿಸಿದರೆ ‘ಮೃತ’ ಎಂದು ಬರೆಯಬೇಕಾಗುತ್ತಿತ್ತು. ಕಾಣದ್ದನ್ನು ಬರೆಯುವುದಕ್ಕೆ ಅವನ ಕೈ ಒಪ್ಪಲಿಲ್ಲ. “ಒಂದು ಸುಳ್ಳು ಬರೆಯಬಾರದು ಅಂತ ಇದನ್ನ ಬಚ್ಚಿಟ್ಟೆ. ಈಗ ಭಾನುವಾರಕ್ಕೊಂದು ಸುಳ್ಳು ಓದ್ತಾ ಇದ್ದೀನಿ.”

ನಾನು ಯಾರಿಗೂ ಹೇಳಲಿಲ್ಲ. ಹದಿನೆಂಟರ ಹುಡುಗಿಗೆ ಏನು ಹೇಳಬೇಕೆಂದೂ ತಿಳಿಯಲಿಲ್ಲ.

ನಮ್ಮೂರಲ್ಲಿ ಸೆವೆರಿನ್ ಎಂಬ ಜೀನುಗಾರನಿದ್ದ, ಕುದುರೆಯ ಚರ್ಮದ ತಡಿ ಹೊಲಿಯುವವನು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಕುಂಟುಗಾಲಾದ್ದರಿಂದ ಯುದ್ಧ ಅವನನ್ನು ಬಿಟ್ಟಿತ್ತು. ಅವನು ಒಟೀಲಿ ಚಿಕ್ಕಮ್ಮನಿಗೆ ಮೆತ್ತನೆಯ ಚರ್ಮದ ಮನೆಚಪ್ಪಲಿ ಹೊಲಿದುಕೊಟ್ಟ. ದಿನವೆಲ್ಲ ಇಸ್ತ್ರಿಮೇಜಿನ ಮುಂದೆ ನಿಲ್ಲುವವಳು.

“ಗಂಡನ ಬದಲಿಗೆ ಚಪ್ಪಲಿ ಕೊಟ್ಟಿದ್ದಾನೆ,” ಅಂತ ಅವಳು ಅಮ್ಮನ ಹತ್ತಿರ ನಗುತ್ತಿದ್ದಳು. ನಗುವಾಗ ಕಾಲನ್ನು ಲಂಗದಡಿ ಎಳೆದುಕೊಳ್ಳುತ್ತಿದ್ದಳು. ಚಪ್ಪಲಿ ಅವಳ ಕಾಲಲ್ಲೇ ಇತ್ತು.

“ಒಳ್ಳೆಯವನು ಕಣೇ,” ಅಂದಳು ಅಮ್ಮ.

“ಒಳ್ಳೆಯವನೇ. ಆದ್ರೆ ಆಂಬುಲೆನ್ಸಲ್ಲಿ ಮಲಗಿರೋನನ್ನ ಏನು ಮಾಡ್ಲಿ?”

ಮಾವ ಆ ಮಾತಿಗೆ ಎದ್ದು ಹೊರಗೆ ಹೋದ.

ಮೂರು ವರ್ಷ ಕಳೆಯಿತು. ಆಸ್ಪತ್ರೆಗಳಿಂದ ಒಂದೊಂದಾಗಿ ಉತ್ತರ ಬಂತು: ಆ ಹೆಸರಿನವರು ಇಲ್ಲಿಗೆ ಬಂದಿಲ್ಲ. ಸೆವೆರಿನ್ ಐವತ್ತೊಂದರ ಬೇಸಿಗೆಯಲ್ಲಿ ಹೇಳಿದ, ಒಟೀಲಿ ಮದುವೆಗೆ ಒಪ್ಪುತ್ತಾಳೇನೋ ಎಂದು ಚಳಿಗಾಲದವರೆಗೆ ಕಾಯುತ್ತೇನೆ, ಆಮೇಲೆ ತಂಗಿಯ ಊರಿಗೆ ಹೋಗಿಬಿಡುತ್ತೇನೆ ಎಂದು. ಪಾದ್ರಿಗಳು ಹೇಳಿದರು, ಮೊದಲ ಗಂಡ ಸತ್ತದ್ದಕ್ಕೆ ಕಾಗದ ಬೇಕು ಎಂದು. ಕಾಣೆಯಾದವರನ್ನು ಮೃತರೆಂದು ಘೋಷಿಸುವುದು ಕೋರ್ಟಿನ ಕೆಲಸ. ಅಂಥ ಅರ್ಜಿಗಳು ಆಗ ವಾರಕ್ಕೆ ಹತ್ತು ಬರುತ್ತಿದ್ದವು. ಮಾವ ಮತ್ತೆ ಅದೇ ಮೇಜಿನಲ್ಲಿ ಕೂತು ಅವುಗಳನ್ನೇ ಬರೆಯುತ್ತಿದ್ದ. ನಾನೂ ಅಲ್ಲಿಯೇ ಹೊಸದಾಗಿ ಕೆಲಸಕ್ಕೆ ಸೇರಿದ್ದೆ.

ಒಟೀಲಿ ಚಿಕ್ಕಮ್ಮ ಅರ್ಜಿಯನ್ನು ಮಾವನ ಕೈಗೇ ಕೊಟ್ಟಳು. “ಕೋರ್ಟೇ ಹೇಳಲಿ ಆಲ್ವಿನ್. ನನ್ನ ಬಾಯಿಂದ ಅವನನ್ನ ಸಾಯಿಸೋಕೆ ಆಗಲ್ಲ. ನೀನು ಕಂಡದ್ದನ್ನ ಹೇಳು. ಆಂಬುಲೆನ್ಸ್ ಅಂದ್ರೆ ಕಾಯ್ತೀನಿ. ಬೇರೇನಾದ್ರೂ ಇದ್ರೆ ಅದನ್ನೂ ಹೇಳು.”

ಅವಳಿಗೆ ಅನುಮಾನವಿತ್ತೇ? ನನಗೆ ಇಂದಿಗೂ ಗೊತ್ತಿಲ್ಲ.

ಸಾಕ್ಷಿಯ ದಿನ ಅಕ್ಟೋಬರಿನ ಕೊನೆಯಲ್ಲಿ ಬಂತು. ಸಾಕ್ಷಿಯಾದವನು ಬರೆಯುವಂತಿಲ್ಲ, ಹಾಗಾಗಿ ಮಾವನ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. “ಸಂಬಂಧಿಕಳು ನಿಜ, ಬೇರೆ ಯಾರಿದ್ದಾರೆ ಈ ಊರಲ್ಲಿ,” ಅಂದರು ನ್ಯಾಯಾಧೀಶರು. ಮಾವ ನನ್ನೆದುರು ನಿಂತ. ಎಷ್ಟೋ ವರ್ಷ ಅವನು ಬೇರೆಯವರ ಪ್ರಮಾಣ ಬರೆದಿದ್ದ. ಈಗ ತನ್ನ ಬಲಗೈ ಎತ್ತಿದಾಗ ತೋಳು ಅರ್ಧಕ್ಕೇ ನಿಂತು, ಆಮೇಲೆ ಪೂರ್ತಿ ಏರಿತು.

“ಕೆಪ್ಲಿಂಗರ್ ಅವರೇ, ವೆಂಡೆಲ್ ಸತ್ತದ್ದನ್ನು ಕಂಡಿರಾ?”

“ಗೊತ್ತಿಲ್ಲ ಸ್ವಾಮಿ.”

“ಕಂಡಿರೋ ಇಲ್ವೋ?”

ಮಾವ ಅರ್ಧ ಬಿಲ್ಲೆಯನ್ನು ಮೇಜಿನ ಮೇಲಿಟ್ಟ. ತಗಡು ಮರಕ್ಕೆ ತಾಗಿದ ಸದ್ದು ಚಿಕ್ಕದು. ಒಟೀಲಿ ಚಿಕ್ಕಮ್ಮ ಬೆಂಚಿನಿಂದ ಎದ್ದು ಬಂದು ಸಂಖ್ಯೆ ಓದಿದಳು. ಆ ಸಂಖ್ಯೆ ಅವಳಿಗೆ ಬಾಯಿಪಾಠ, ನೂರು ಕಾಗದಗಳಲ್ಲಿ ಬರೆದಿದ್ದಳು.

“ಇದನ್ನ ಮುರಿದೋರು ಯಾರು?”

“ನಾನು.”

“ಆಂಬುಲೆನ್ಸು?”

“ಇರಲಿಲ್ಲ ಒಟೀಲಿ.”

ನಾನು ಅದನ್ನೂ ಬರೆದುಕೊಂಡೆ. ನ್ಯಾಯಾಧೀಶರು ಸಮಾಧಾನದ ದನಿಯಲ್ಲಿ ಹೇಳಿದರು: “ಬಿಲ್ಲೆ ಮುರಿದಿದ್ದೀರಿ ಅಂದ ಮೇಲೆ ಸತ್ತಿದ್ದರು ಅಂತ ತಾನೇ ಅರ್ಥ?”

“ಅಪ್ಪಣೆ ಆಯ್ತು, ಮುರಿದೆ.”

ಒಟೀಲಿ ಚಿಕ್ಕಮ್ಮ ಅವನ ಮುಂದೆ ಹೋಗಿ ನಿಂತಳು. “ಪುಸ್ತಕ ತಂದಿದ್ದೀಯಾ? ಓದು. ಇರೋದನ್ನ ಇರೋ ಹಾಗೆ.”

ಮಾವ ಪುಸ್ತಕ ತೆರೆದ. ಕನ್ನಡಕ ತೆಗೆದು ಒರೆಸಿದ, ಹಾಕಿದ, ಮತ್ತೆ ತೆಗೆದ. ಕೊನೆಗೆ ಪುಸ್ತಕವನ್ನು ನನ್ನ ಮೇಜಿನ ಮೇಲೆ ಇಟ್ಟುಬಿಟ್ಟ. ನಾನು ಓದಿದೆ. ನೂರಿಪ್ಪತ್ತರ ವೇಗದ ಹುಡುಗಿ, ಒಂದೊಂದು ಕೊಕ್ಕೆಯನ್ನೂ ಎಡವುತ್ತ ಓದಿದೆ:

“ವೆಂಡೆಲನನ್ನು ಕಲ್ಲಿನ ಗುಡ್ಡೆಯ ಹಿಂದೆ ಮಲಗಿಸಿದೆ. ನೀರು ಕೇಳಿದ. ಹೊಟ್ಟೆಯ ಗಾಯಕ್ಕೆ ನೀರು ಕೊಡಬಾರದು, ತುಟಿ ಒದ್ದೆ ಮಾಡಿದೆ. ಆಮೇಲೆ ಕೇಳಲಿಲ್ಲ. ನಾಡಿ ಹಿಡಿದೆ. ನನ್ನ ಕೈ ನಡುಗುತ್ತಿತ್ತು, ಬಡಿದದ್ದು ಯಾರದೋ ತಿಳಿಯಲಿಲ್ಲ. ಮೈ ಬಿಸಿಯಾಗಿತ್ತು, ಆದರೆ ಅಲ್ಲಿ ಕಲ್ಲೂ ಬಿಸಿಯಾಗಿತ್ತು. ಲೆಫ್ಟಿನೆಂಟ್ ಲಾರಿಯಿಂದ ಕೂಗಿದ, ಬಿಲ್ಲೆ ತಗೊಂಡು ಹತ್ತು, ಟ್ಯಾಂಕು ಬರ್ತಿದೆ. ಮುರಿದೆ. ಮುರಿದ ಸದ್ದಿಗೆ ಅವನ ಎಡಗಣ್ಣಿನ ರೆಪ್ಪೆ ಅಲುಗಿತು. ನೊಣ ಕೂತಿತ್ತು. ನೊಣವೇ ಇರಬಹುದು. ಲಾರಿ ಹೊರಟಿತು. ಬಹುಶಃ ನೊಣ. ಅವನ ಕೊರಳಲ್ಲಿ ಈಗ ಅರ್ಧ ಬಿಲ್ಲೆ. ಯಾರಾದರೂ ಕಂಡರೆ ಇವನ ಲೆಕ್ಕ ಆಗಲೇ ಮುಗಿದಿದೆ ಅಂದುಕೊಳ್ಳುತ್ತಾರೆ. ಬಹುಶಃ ನೊಣ.”

ಎರಡು ದಿನದ ಮೇಲೆ ಇಂಗ್ಲಿಷರು ಮಾವನನ್ನು ಹಿಡಿದಿದ್ದರು. ಹಿಂದಕ್ಕೆ ಹೋಗಿ ಹುಡುಕಲು ಬಿಡಿ ಎಂದು ಅವನು ಕೈಸನ್ನೆಯಲ್ಲಿ ಬೇಡಿದ್ದ. ಅದು ಮುಂದಿನ ಪುಟದಲ್ಲಿದೆ. ಅವರ ಅಧಿಕಾರಿ ದಿನಚರಿಯನ್ನು ತಿರುಗಿಸಿ ನೋಡಿ, ಇದೇನು ಅರಬಿಯೇ ಎಂದು ಕೇಳಿ, ಓದಲಾಗದೆ ಆರು ವಾರದ ಮೇಲೆ ಹಿಂದಕ್ಕೆ ಕೊಟ್ಟಿದ್ದ. ಕೋರ್ಟಿನಲ್ಲಿ ನಾನು ಆ ಪುಟಕ್ಕೆ ಹೋಗಲಿಲ್ಲ. ಯಾರೂ ಕೇಳಲಿಲ್ಲ.

ಒಟೀಲಿ ಚಿಕ್ಕಮ್ಮ ಬಿಲ್ಲೆಯನ್ನು ತನ್ನ ಬಿಸಿ ಮುಷ್ಟಿಯೊಳಗೆ ಮುಚ್ಚಿಕೊಂಡಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಮಾವನಿಗೆ ಹಗುರವಾಗುತ್ತಿತ್ತೇನೋ.

“ಮೂರು ವರ್ಷ ಆ ಗಾಡಿಯೊಳಗೇ ಕೂತಿದ್ದೆನಲ್ಲೋ ನಾನು, ಅವನ ಪಕ್ಕದಲ್ಲಿ,” ಅಂದಳು. “ಈಗ ಒಂದು ರೆಪ್ಪೆ ಕೊಟ್ಟೆ. ಇದನ್ನೆಲ್ಲಿಟ್ಟುಕೊಳ್ಳಲಿ ಹೇಳು.”

ಮಾವ ನನ್ನ ಮೇಜಿನಿಂದ ಪುಸ್ತಕವನ್ನು ಎತ್ತಿ ಒಳಜೇಬಿಗೆ ಹಾಕಿಕೊಂಡ.

ಕೋರ್ಟು ತನ್ನ ಕೆಲಸ ಮಾಡಿತು. ವೆಂಡೆಲ್, ಗಾಡಿ ಚಾಲಕ, ಮೃತಪಟ್ಟ ದಿನ ನವೆಂಬರ್ ಎರಡು, ಸಾವಿರದ ಒಂಬೈನೂರ ನಲವತ್ತೆರಡು. ಆ ಕಾಗದವನ್ನು ಟೈಪು ಮಾಡಿದವಳು ನಾನೇ. ಮೊಹರು ಒಣಗುವ ಮೊದಲೇ ಪಾದ್ರಿಗಳು ಮದುವೆಯ ದಿನ ಕೇಳಿ ಕಳಿಸಿದ್ದರು. ಒಟೀಲಿ ಚಿಕ್ಕಮ್ಮ ಕಾಗದವನ್ನು ಮಡಿಸಿ ಇಸ್ತ್ರಿಮೇಜಿನ ಖಾನೆಯಲ್ಲಿ ಹಾಕಿದಳು. ಅಮ್ಮ ಬೇಡಿಕೊಂಡಳು, “ಈಗಂತೂ ದಾರಿ ಬಿಡ್ತು, ಹೂಂ ಅನ್ನೇ.”

“ಕಾಗದ ಸತ್ತ ಅನ್ನುತ್ತೆ ಕಣೇ. ಆ ಪುಸ್ತಕ ಅನ್ನಲ್ಲವಲ್ಲ. ಸೆವೆರಿನ್ ಪಕ್ಕದಲ್ಲಿ ಮಲಗಿದಾಗ ಆ ರೆಪ್ಪೆ ಅಲುಗಿದ್ರೆ?”

ಸೆವೆರಿನ್ ಕ್ರಿಸ್‌ಮಸ್ಸಿಗೆ ಮೊದಲು ಹೊರಟುಹೋದ. ಚಪ್ಪಲಿ ಹಿಂದಕ್ಕೆ ಕೊಡಲು ಹೋದವಳಿಗೆ, “ನಿನ್ನ ಕಾಲಿನ ಅಳತೆ, ಬೇರೆ ಯಾರಿಗೆ ಆಗುತ್ತೆ,” ಅಂದನಂತೆ. ಅವು ತೇಪೆಯ ಮೇಲೆ ತೇಪೆಯಾಗಿ ಇಪ್ಪತ್ತು ವರ್ಷ ಬಾಳಿದವು.

ಒಂದು ವರ್ಷ ಅವಳು ನಮ್ಮ ಮನೆಗೆ ಬರಲಿಲ್ಲ. ಮಾವ ಭಾನುವಾರ ಮಧ್ಯಾಹ್ನ ಕೋಟು ತೊಟ್ಟು, ಪುಸ್ತಕವನ್ನು ಮೇಜಿನ ಮೇಲಿಟ್ಟು, ಕೂತಿರುತ್ತಿದ್ದ. ಮುಂದಿನ ಶರತ್ಕಾಲದಲ್ಲಿ, ಪ್ಲಮ್ ಹಣ್ಣಾಗುವ ಹೊತ್ತಿಗೆ, ಅವಳು ಕೇಕಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು.

“ಹಡಗುಗಳದ್ದು ಓದು,” ಅಂದಳು. “ಅದೊಂದೇ.”

ಮಾವ ಸೆರೆಯ ದಿನಗಳ ಪುಟ ತೆಗೆದು ಓದಿದ: “ಮುಳ್ಳುತಂತಿಯ ಆಚೆ ಕಾಲುವೆಯಿದೆ. ನಮಗೆ ನೀರು ಕಾಣುವುದಿಲ್ಲ. ದೊಡ್ಡ ದೊಡ್ಡ ಹಡಗುಗಳು ಮರಳಿನ ಮೇಲೆಯೇ ತೇಲಿಹೋಗುತ್ತವೆ. ಕೂಗಿದರೆ ಕೇಳಿಸುವಷ್ಟು ಹತ್ತಿರ. ಯಾರೂ ಕೂಗುವುದಿಲ್ಲ.”

ಅಂದಿನಿಂದ ಇಪ್ಪತ್ತು ವರ್ಷ ಅವನು ಹಡಗುಗಳನ್ನೇ ಓದಿದ. ನವೆಂಬರ್ ಎರಡರ ಪುಟವನ್ನು ಇಬ್ಬರೂ ಮುಟ್ಟಲಿಲ್ಲ. ಮದುವೆಯಾಗದೆ, ಯಾರ ಹತ್ತಿರವೂ ಹೆಚ್ಚು ಮಾತಾಡದೆ, ಲೋಟಕ್ಕೆ ತುಟಿ ತಾಕಿಸದೆ ಅವನು ಮುದುಕನಾದ. ಎಪ್ಪತ್ತಮೂರರ ವಸಂತದಲ್ಲಿ ತೀರಿಕೊಂಡ. ಕೊನೆಯ ವಾರ ನನ್ನ ಕೈ ಹಿಡಿದು ತನ್ನ ನಾಡಿಯ ಮೇಲೆ ಇಟ್ಟುಕೊಂಡು, “ಸರಿಯಾಗಿ ನೋಡು, ಅವಸರ ಮಾಡಬೇಡ,” ಅಂದಿದ್ದ. ನಾನು ಅವಸರ ಮಾಡಲಿಲ್ಲ. ಡಾಕ್ಟರು ಬಂದು ಹೇಳಿದ ಮೇಲೂ ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

ಆ ವರ್ಷದ ಸತ್ತವರ ಹಬ್ಬಕ್ಕೆ ಮಾವನ ಸಮಾಧಿಯ ಮೇಲೆ ನಾನು ದೀಪ ಹಚ್ಚುತ್ತಿದ್ದಾಗ ಒಟೀಲಿ ಚಿಕ್ಕಮ್ಮ ಬಂದಳು. ಬೆನ್ನು ಬಾಗಿತ್ತು. ಅವಳ ಅಪ್ಪ ಅಮ್ಮನ ದೀಪಗಳು ಆಗಲೇ ಉರಿಯುತ್ತಿದ್ದವು. ಅವಳು ಚೀಲದಿಂದ ಮೂರನೆಯದನ್ನು ಹೊರಗೆ ತೆಗೆದಳು. ನಾನು ಅದನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬತ್ತಿ ಇನ್ನೂ ಬಿಳಿಯಾಗಿಯೇ ಇತ್ತು. ಮಾವನ ದೀಪದ ಪಕ್ಕದಲ್ಲಿ ಇಟ್ಟಳು.

“ನೀನು ಆ ಪುಟ ನೋಡಿದೋಳು,” ಅಂದಳು. “ಕೋರ್ಟಲ್ಲಿ ಓದಿದೋಳು. ಹೇಳು ಲಿಂಡೆ. ನೊಣ ತಾನೇ?”

ಅವಳ ಕೈ ನೋಡಿದೆ. ಇಸ್ತ್ರಿ ಬಿಟ್ಟು ವರ್ಷಗಳಾಗಿದ್ದವು. ಈಗ ಅವು ತಣ್ಣಗೆ ನೀಲಿಯಾಗಿದ್ದವು.

“ನೊಣವೇ ಚಿಕ್ಕಮ್ಮ,” ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ತುಸು ನಕ್ಕಳು. “ನೀನೂ ನಿನ್ನ ಮಾವನ ಹಾಗೇ ಓದ್ತೀಯ.” ಚೀಲದಿಂದ ಬೆಂಕಿಪೆಟ್ಟಿಗೆ ತೆಗೆದು ನನ್ನ ಅಂಗೈಯಲ್ಲಿಟ್ಟಳು. “ನಿಂಗೆ ಗೊತ್ತಿದ್ರೆ ನೀನೇ ಹಚ್ಚು.”

ಕಡ್ಡಿ ಗೀರಿದೆ. ಗಾಳಿ ಇರಲಿಲ್ಲ, ಉರಿ ನೆಟ್ಟಗೆ ನಿಂತಿತು. ಬತ್ತಿಯ ಹತ್ತಿರ ಒಯ್ದೆ. ಅವಳು ನೋಡುತ್ತಿದ್ದಳು. ಉರಿ ಕಡ್ಡಿಯ ಗುಂಟ ಇಳಿದು ನನ್ನ ಬೆರಳ ತುದಿಗೆ ಬಂತು. ನಾನು ಬತ್ತಿಗೆ ತಾಕಿಸದೆ ಹಾಗೇ ಹಿಡಿದುಕೊಂಡೇ ಇದ್ದೆ.